ರೇಷ್ಮೆ ಸೀರೆಯ ಹಾಗೆ ನೋಡಿಕೊಳ್ಳಿ: ಕಲರ್ ಪೆನ್ಸಿಲ್ ಚಿತ್ರದ ಬಣ್ಣ ಉಳಿಸುವ ಬಗ್ಗೆ

(ಮಡಿಕೇರಿಯಲ್ಲಿ ಚಿತ್ರ ಬಿಡಿಸುವವರು, ಡ್ರಾಯಿಂಗ್ ಟೀಚರ್‌ಗಳು, ಮಕ್ಕಳ ಅಪ್ಪ ಅಮ್ಮಂದಿರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದು ಇದು. ಹೇಳಲು ಮರೆತ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಮಂಜು ಕವಿದಿದ್ದರೂ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಮೊದಲು ಈ ಚಿತ್ರ ನೋಡಿ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಆಮೇಲೆ ಮೇಜಿನ ಹತ್ತಿರ ಬನ್ನಿ. ಇದು ನನ್ನ ಅಜ್ಜಿ. ಹಿಂದೆ ನೆರಿಗೆ ಬರುವ ಹಾಗೆ ಕೊಡಗಿನ ಸೀರೆ ಉಟ್ಟಿದ್ದಾರೆ, ತಲೆಗೆ ವಸ್ತ್ರ ಕಟ್ಟಿದ್ದಾರೆ, ಕಾಫಿ ಕಣದ ಕಟ್ಟೆಯ ಮೇಲೆ ಕೂತಿದ್ದಾರೆ. ಸೀರೆ ಯಾವ ಬಣ್ಣ ಹೇಳಿ ನೋಡೋಣ. ಬೂದಿ ಬಣ್ಣ ಅಂದಿರಿ. ಅಲ್ಲಿ ಯಾರೋ ತಿಳಿನೀಲಿ ಅಂದಿರಿ. ನಾನು ಬಿಡಿಸಿದ್ದು ನೇರಳೆ ಸೀರೆ. ತೊಟ್ಟಿನಿಂದ ಬಿದ್ದ ನೇರಳೆ ಹಣ್ಣು ಇರುತ್ತದಲ್ಲ, ಅಂಥ ಕಡು ನೇರಳೆ. ಅಜ್ಜಿಗೆ ಆ ಸೀರೆ ಅಂದರೆ ಪ್ರಾಣ. ಅದಕ್ಕೇ ನೆರಿಗೆ ನೆರಿಗೆಗೂ ಏಳೆಂಟು ಸಲ ಪೆನ್ಸಿಲ್ ಆಡಿಸಿ, ಎರಡು ವಾರ ಕೂತು ಬಿಡಿಸಿದ್ದೆ.

ಇದು 11 ವರ್ಷ ನಮ್ಮ ಮನೆ ಜಗಲಿಯ ಗೋಡೆಯ ಮೇಲಿತ್ತು. ಅಲ್ಲೇ ಯಾಕೆ ಹಾಕಿದೆ ಅಂದರೆ, ಮಳೆಗಾಲದಲ್ಲೂ ಬೂಷ್ಟು ಹಿಡಿಯದ ಗೋಡೆ ಮನೆಯಲ್ಲಿ ಅದೊಂದೇ. ಪೂರ್ವಕ್ಕೆ ದೊಡ್ಡ ಕಿಟಕಿ ಇದೆ, ಬೆಳಗಿನ ಬಿಸಿಲು ನೇರ ಬೀಳುತ್ತದೆ, ಗೋಡೆ ಬೆಚ್ಚಗಿರುತ್ತದೆ. ಚಿತ್ರ ಅಲ್ಲಿ ಸೇಫ್ ಅಂತ ಅಂದುಕೊಂಡೆ. ಬಣ್ಣ ಹೋಗುತ್ತಿರುವುದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ದಿನಾ ನೋಡುವ ಮುಖದಲ್ಲಿ ವಯಸ್ಸು ಕಾಣುವುದಿಲ್ಲವಲ್ಲ, ಹಾಗೆ.

ಹೋದ ವರ್ಷ ಫ್ರೇಮಿನ ಮೂಲೆ ಬಿಟ್ಟಿತು ಅಂತ ಬಿಚ್ಚಿದೆ. ಹಿಂದಿನ ಮೊಳೆ ಕಿತ್ತು, ಹಾರ್ಡ್‌ಬೋರ್ಡ್ ತೆಗೆದು, ಅದರ ಕೆಳಗೆ ತುರುಕಿದ್ದ ಹಳದಿಯಾದ ಪೇಪರ್ ತೆಗೆದು, ಚಿತ್ರವನ್ನು ಮೌಂಟ್‌ನಿಂದ (ಚಿತ್ರದ ಸುತ್ತ ಗ್ಲಾಸಿನ ಕೆಳಗೆ ಇಡುವ ದಪ್ಪ ಕಾಗದದ ಚೌಕಟ್ಟು) ಬಿಡಿಸಿದಾಗ ನನಗೆ ಕೈ ನಿಂತೇಹೋಯಿತು. ಮೌಂಟ್‌ನ ಅಂಚು ಮುಚ್ಚಿಕೊಂಡಿದ್ದ ಕಡೆ, ಅರ್ಧ ಬೆರಳಿನಷ್ಟು ಅಗಲಕ್ಕೆ, ಸೆರಗಿನ ಒಂದು ಪಟ್ಟಿ ಕಡು ನೇರಳೆಯಾಗಿಯೇ ಇತ್ತು. ನಿನ್ನೆ ಬಿಡಿಸಿದ ಹಾಗೆ. ಗೆರೆ ಹೊಡೆದ ಹಾಗೆ ಅಲ್ಲಿಂದ ಈಚೆಗೆ ಬೂದಿ. ಅದೇ ಕಾಗದ, ಅದೇ ಪೆನ್ಸಿಲ್, ಅದೇ 11 ವರ್ಷ, ಅದೇ ಮಳೆ, ಅದೇ ಥಂಡಿ. ಬೇರೆ ಇದ್ದದ್ದು ಒಂದೇ. ಬೆಳಕು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದೂ ಇದೇ ವಿಷಯ. ಕೊಡಗಿನಲ್ಲಿ ನಮಗೆ ಭಯ ಇರುವುದು ನೀರಿನದು. ಜೂನ್ ಬಂತು ಅಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಬೀರುವಿನ ಬಟ್ಟೆಗೆ ವಾಸನೆ. ಹಾಗಾಗಿ ನಮಗೆಲ್ಲ ಒಂದೇ ಮದ್ದು ಗೊತ್ತು: ಬಿಸಿಲಿಗೆ ಹಾಕು. ಕಾಫಿ ಬಿಸಿಲಿಗೆ, ಮೆಣಸು ಬಿಸಿಲಿಗೆ, ಕಂಬಳಿ ಬಿಸಿಲಿಗೆ, ಮದುವೆ ಆಲ್ಬಂ ಕೂಡ ಬಿಸಿಲಿಗೆ. ಚಿತ್ರವನ್ನೂ ಹಾಗೇ ಮಾಡುತ್ತೇವೆ. ಮನೆಯಲ್ಲಿ ಯಾವ ಗೋಡೆ ಬೆಳಕಾಗಿದೆಯೋ ಅಲ್ಲಿಗೆ ಹೊಡೆಯುತ್ತೇವೆ. ಆದರೆ ರೇಷ್ಮೆ ಸೀರೆಯನ್ನು ಯಾರಾದರೂ ಬಿಸಿಲಿಗೆ ಹಾಕುತ್ತಾರಾ? ಇಲ್ಲ. ನೆರಳಲ್ಲಿ, ಗಾಳಿ ಆಡುವ ಕಡೆ ಹರಡುತ್ತಾರೆ. ಅದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ನಮಗೂ ಗೊತ್ತಿದೆ. ಚಿತ್ರಕ್ಕೂ ಬೇಕಾಗಿರುವುದು ಅದೇ. ಒಣಗಿರಬೇಕು, ಆದರೆ ನೆರಳಲ್ಲಿ.

ಬಣ್ಣ ಯಾಕೆ ಹೋಗುತ್ತದೆ ಅಂತ ಸ್ವಲ್ಪ ನೋಡೋಣ. ಕಕ್ಕಡ ಅಂದರೆ ಮಳೆ ಜೋರಿರುವ ನಮ್ಮ ಕೊಡವ ತಿಂಗಳು, ಅದರ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತೇವಲ್ಲ. ಸೊಪ್ಪು ಕುದಿಸಿದ ನೀರು ಹೇಗಿರುತ್ತದೆ? ಇಡೀ ನೀರೇ ನೇರಳೆ. ಎಷ್ಟು ಹೊತ್ತು ಇಟ್ಟರೂ ಬಣ್ಣ ತಳಕ್ಕೆ ಇಳಿಯುವುದಿಲ್ಲ, ನೀರಿನಲ್ಲಿ ಕರಗಿಹೋಗಿದೆ. ಈಗ ತೋಟದ ಕೆಂಪು ಮಣ್ಣನ್ನು ಒಂದು ಲೋಟ ನೀರಿಗೆ ಕಲಸಿ. ಸ್ವಲ್ಪ ಹೊತ್ತು ಕೆಂಪಾಗಿರುತ್ತದೆ, ಆಮೇಲೆ ಮಣ್ಣು ತಳದಲ್ಲಿ ಕೂರುತ್ತದೆ, ಮೇಲೆ ತಿಳಿ ನೀರು. ಮೊದಲನೆಯ ಜಾತಿಗೆ ಡೈ ಅಂತಾರೆ, ಎರಡನೆಯದಕ್ಕೆ ಪಿಗ್ಮೆಂಟ್. ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕಿನ ಸಂಬಂಧಿ. ಸಾವಿರಾರು ವರ್ಷ ಬಿಸಿಲಲ್ಲೇ ಬಿದ್ದಿದ್ದರೂ ನಮ್ಮ ಗುಡ್ಡದ ಮಣ್ಣು ಬಿಳಿಯಾಗಿಲ್ಲ ಅಲ್ವಾ.

ಕಲರ್ ಪೆನ್ಸಿಲ್ ಒಳಗಿನ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿ, ಬಿಳಿ ಜೇಡಿಮಣ್ಣಿನಂಥ ಪುಡಿ, ಅವನ್ನು ಹಿಡಿದಿಡಲು ಮೇಣ ಅಥವಾ ಎಣ್ಣೆ. ನೋಡಲು ಎಲ್ಲವೂ ಪುಡಿಯೇ. ಆದರೆ ಕೆಲವು ಪುಡಿಗಳನ್ನು ತಯಾರು ಮಾಡುವುದೇ ಕರಗುವ ಬಣ್ಣವನ್ನು ಬಣ್ಣವಿಲ್ಲದ ಪುಡಿಗೆ ಅಂಟಿಸಿ. ಅಂಥವು ಬೆಳಕಿಗೆ ನಿಲ್ಲುವುದು ಕಷ್ಟ. ಬೆಳಕು, ಅದರಲ್ಲೂ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್, ಬಣ್ಣದ ಅಣುವಿನ ಕಟ್ಟನ್ನೇ ಒಡೆಯುತ್ತದೆ. ಕಟ್ಟು ಒಡೆದ ಮೇಲೆ ಅದಕ್ಕೆ ಬಣ್ಣವೇ ಇರುವುದಿಲ್ಲ. ಕೊಳೆ ಕೂತಿದ್ದರೆ ಒರೆಸಬಹುದಿತ್ತು. ಇದು ಒರೆಸಿದರೆ ವಾಪಸ್ ಬರುವಂಥದ್ದಲ್ಲ.

ಅಜ್ಜಿಯ ಸೀರೆ ಬೂದಿನೀಲಿ ಯಾಕಾಯಿತು ಅಂದರೆ, ನೇರಳೆಯಲ್ಲಿದ್ದ ಕೆಂಪು ಭಾಗ ಮೊದಲು ಹೋಯಿತು, ನೀಲಿ ಸ್ವಲ್ಪ ಉಳಿಯಿತು. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದ. ಗೋಡೆ ತಿಳಿ ನೇರಳೆ ಅಂತ ತಮ್ಮನಿಗೆ ಬರೆದ ಪತ್ರದಲ್ಲೇ ಇದೆ. ಇವತ್ತು ಆ ಚಿತ್ರದಲ್ಲಿ ಗೋಡೆ ನೀಲಿ. ಅದರಲ್ಲೂ ಕೆಂಪೇ ಹಾರಿಹೋಗಿದ್ದು. ಅದು ಎಣ್ಣೆ ಬಣ್ಣ, ನನ್ನದು ಪೆನ್ಸಿಲ್. ಆಗಿದ್ದು ಮಾತ್ರ ಎರಡಕ್ಕೂ ಒಂದೇ.

ಈಗ ಒಂದು ಲೆಕ್ಕ ಹೇಳುತ್ತೇನೆ, ನನ್ನನ್ನು ಬದಲಾಯಿಸಿದ್ದು ಈ ಲೆಕ್ಕವೇ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಅಳೆಯುತ್ತಾರೆ. ಮ್ಯೂಸಿಯಂಗಳಲ್ಲಿ ಬೇಗ ಬಣ್ಣ ಹೋಗುವ ಕಾಗದದ ಚಿತ್ರಗಳಿಗೆ 50 ಲಕ್ಸ್ ಸಾಕು ಅಂತ ಇಡುತ್ತಾರೆ. ಅದಕ್ಕೇ ಅಲ್ಲಿ ಮಬ್ಬು ಮಬ್ಬಾಗಿರುವುದು. ಹೊರಗಿನ ನೆತ್ತಿ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಚಿತ್ರದ ಮೇಲೆ ಒಂದು ಗಂಟೆ ಅಂಥ ಬಿಸಿಲು ಬಿದ್ದರೆ ಮ್ಯೂಸಿಯಂನ 2,000 ಗಂಟೆಯ ಬೆಳಕು ಬಿದ್ದ ಹಾಗೆ. ದಿನಕ್ಕೆ 8 ಗಂಟೆ ಅಂತ ಇಟ್ಟುಕೊಂಡರೆ 250 ದಿನ. ಒಂದೇ ಗಂಟೆಯಲ್ಲಿ. ಜಗಲಿಯ ಬೆಳಗಿನ ಬಿಸಿಲು ಅಷ್ಟು ಜೋರಿರಲಿಲ್ಲ, ನಿಜ. ಆದರೆ 11 ವರ್ಷ.

ಬೆಳಕು ಮಾಡುವ ಹಾನಿ ಸೇರುತ್ತಾ ಹೋಗುತ್ತದೆ. ರಾತ್ರಿ ಕತ್ತಲಲ್ಲಿ ಬಣ್ಣ ಸುಧಾರಿಸಿಕೊಳ್ಳುವುದಿಲ್ಲ. ಒಂದು ಚಿತ್ರ ಇಷ್ಟು ಬೆಳಕು ತಡೆಯುತ್ತದೆ ಅಂತಿದ್ದರೆ, ಅದನ್ನು ನಾವು ಹೇಗೆ ಖರ್ಚು ಮಾಡುತ್ತೇವೆ ಅನ್ನುವುದು ನಮಗೆ ಬಿಟ್ಟಿದ್ದು. ಜೋರು ಬೆಳಕಲ್ಲಿ ಬೇಗ ಮುಗಿಸಬಹುದು, ಮಂದ ಬೆಳಕಲ್ಲಿ ತುಂಬಾ ವರ್ಷ ನೋಡಬಹುದು.

ಇನ್ನೊಂದು, ನಮ್ಮದು ಎತ್ತರದ ಊರು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಮೇಲಿದೆ. ಸಾವಿರ ಮೀಟರ್ ಮೇಲೆ ಹೋದರೆ ಅಲ್ಟ್ರಾವಯೊಲೆಟ್ ಸುಮಾರು ಶೇಕಡಾ 10ರಷ್ಟು ಜಾಸ್ತಿ. ಚಳಿ ಇದೆ, ಬಿಸಿಲು ಹಿತವಾಗಿದೆ ಅಂತ ನಮ್ಮ ಮೈಗೆ ಅನಿಸಬಹುದು, ಕಾಗದಕ್ಕೆ ಚಳಿಯ ಲೆಕ್ಕ ಇಲ್ಲ. ಮಾಮೂಲಿ ಕಿಟಕಿ ಗಾಜು ಇದನ್ನು ಪೂರ್ತಿ ತಡೆಯುವುದೂ ಇಲ್ಲ, ಅಲ್ಟ್ರಾವಯೊಲೆಟ್‌ನಲ್ಲಿ ಒಂದು ಭಾಗವನ್ನು ಸುಮ್ನೆ ಒಳಗೆ ಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ಎಲ್ಲರೂ ಮೊದಲು ಫ್ರೇಮಿನ ಬಗ್ಗೆ ಕೇಳುತ್ತಾರೆ, ಯಾವ ಗ್ಲಾಸ್, ಯಾವ ಸ್ಪ್ರೇ ಅಂತ. ನಾನು ಶುರು ಮಾಡುವುದು ಪೆನ್ಸಿಲ್ ಡಬ್ಬಿಯಿಂದ. ಬಣ್ಣ ನಿಲ್ಲುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಈ ಕಾರ್ಡ್ ಕೈಯಿಂದ ಕೈಗೆ ದಾಟಿಸಿ, ದಯವಿಟ್ಟು ಅಂಚು ಹಿಡಿದು ನೋಡಿ. ಇದು ನನ್ನ 36 ಬಣ್ಣದ ಸೆಟ್. ಒಂದೊಂದು ಬಣ್ಣವನ್ನೂ ಬೆರಳುದ್ದದ ಪಟ್ಟಿಯಾಗಿ ತುಂಬಿದ್ದೇನೆ. ಬಲಭಾಗ ಅರ್ಧಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಡಿಸೆಂಬರ್ ಮೊದಲ ವಾರ ದಕ್ಷಿಣದ ಕಿಟಕಿಗೆ ಅಂಟಿಸಿದ್ದೆ. ಮೇ ಕೊನೆಗೆ ತೆಗೆದೆ. ಮಳೆಗಾಲದಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ, ನಮ್ಮಲ್ಲಿ ಬಿಸಿಲೇ ಇರುವುದಿಲ್ಲವಲ್ಲ. ಫಾಯಿಲ್ ಬಿಚ್ಚಿದ ಮೇಲೆ ನೋಡಿ, ಗುಲಾಬಿಯ ಎಡಭಾಗದಲ್ಲಿ ಕಾಗದವೇ ಕಾಣುತ್ತಿದೆ. ನೇರಳೆ ಎರಡೂ ಹೋಗಿವೆ. ತಿಳಿನೀಲಿ ಅರ್ಧ ಹೋಗಿದೆ. ಒಂದು ಎಲೆಹಸಿರು ನೀಲಿಗೆ ತಿರುಗಿದೆ, ಅಂದರೆ ಅದರೊಳಗಿದ್ದ ಹಳದಿ ಹೋಗಿದೆ. ಕಂದು, ಇಟ್ಟಿಗೆ ಕೆಂಪು, ಮಣ್ಣಿನ ಹಳದಿ, ಕಪ್ಪು, ಇವುಗಳಲ್ಲಿ ಎಡ ಬಲ ಯಾವುದು ಅಂತ ಹೇಳಲೇ ಆಗುವುದಿಲ್ಲ. ಕಾಫಿ ಎಲೆಗೆ ನಾನು ಬಳಸುವ ಕಡುಹಸಿರೂ ನಿಂತಿದೆ.

ಸಾಮಾನ್ಯವಾಗಿ ಎಲ್ಲ ಕಡೆಯೂ ಇದೇ ಕಥೆ. ಗುಲಾಬಿ, ನೇರಳೆ, ಮೆಜೆಂಟಾ, ಕೆಲವು ತಿಳಿನೀಲಿಗಳು ಬೇಗ ಹೋಗುತ್ತವೆ. ಮಿಂಚುವ ಫ್ಲೋರೊಸೆಂಟ್ ಬಣ್ಣಗಳು ಎಲ್ಲಕ್ಕಿಂತ ಬೇಗ. ಮಣ್ಣಿನ ಬಣ್ಣಗಳು ಮತ್ತು ಇದ್ದಿಲಿನ ಕಪ್ಪು ಗಟ್ಟಿ. ಥ್ಯಾಲೋ ನೀಲಿ, ಥ್ಯಾಲೋ ಹಸಿರು ಅನ್ನುವ ಪಿಗ್ಮೆಂಟ್‌ಗಳೂ ಗಟ್ಟಿ. ಆದರೆ ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಒಂದು ಕಂಪನಿಯ ನೇರಳೆ ಹೋದರೆ ಇನ್ನೊಂದರದ್ದು ನಿಲ್ಲಬಹುದು. ನಿಮ್ಮ ಡಬ್ಬಿಯನ್ನು ನೀವೇ ಕಿಟಕಿಗೆ ಇಟ್ಟು ನೋಡಿ. ಖರ್ಚು ಒಂದು ಕಾಗದ, ಒಂದು ತುಂಡು ಫಾಯಿಲ್, ಆರು ತಿಂಗಳ ತಾಳ್ಮೆ.

ಇದನ್ನೇ ಇನ್ನೂ ಕ್ರಮವಾಗಿ ಮಾಡುವ ವಿಧಾನವೂ ಇದೆ. ಬ್ಲೂ ವೂಲ್ ಅಂತ ಒಂದು ಕಾರ್ಡ್ ಸಿಗುತ್ತದೆ. ಅದರಲ್ಲಿ ನೀಲಿ ಬಣ್ಣ ಹಾಕಿದ ಉಣ್ಣೆಯ 8 ಪಟ್ಟಿ ಇರುತ್ತವೆ. ಒಂದನೆಯದು ತುಂಬಾ ಬೇಗ ಮಾಸುತ್ತದೆ. ಮೇಲೆ ಹೋದ ಹಾಗೆ ಒಂದೊಂದಕ್ಕೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ಸಮಯ ಬೇಕು. ನಿಮ್ಮ ಪೆನ್ಸಿಲ್ ಪಟ್ಟಿಗಳ ಪಕ್ಕ ಇದನ್ನೂ ಇಟ್ಟರೆ, ಯಾವ ಬಣ್ಣ ಎಷ್ಟನೆಯ ಪಟ್ಟಿಯ ಜೊತೆ ಮಾಸಿತು ಅಂತ ಹೋಲಿಸಬಹುದು. ಮಂಜು ಜಾಸ್ತಿ ಇದ್ದ ವರ್ಷ, ಬಿಸಿಲು ಜಾಸ್ತಿ ಇದ್ದ ವರ್ಷ ಅನ್ನುವ ಗೊಂದಲ ಇರುವುದಿಲ್ಲ.

ಕಂಪನಿಗಳೂ ಈಗ ಮಾಹಿತಿ ಕೊಡುತ್ತವೆ. ಕೊಡಿಸಿದ್ದರಲ್ಲಿ ಕಲಾವಿದರ ಪಾತ್ರ ದೊಡ್ಡದು. ಅಮೆರಿಕದಲ್ಲಿ 1990ರಲ್ಲಿ ಶುರುವಾದ ಕಲರ್ ಪೆನ್ಸಿಲ್ ಕಲಾವಿದರ ಸಂಘ ಈ ವಿಷಯ ಹಿಡಿದು ತುಂಬಾ ಕೆಲಸ ಮಾಡಿತು. ಈಗ ಕಲರ್ ಪೆನ್ಸಿಲ್‌ಗಳಿಗೆ ಅಂತಲೇ ಎಎಸ್‌ಟಿಎಂ ಅನ್ನುವ ಸಂಸ್ಥೆ ಮಾಡಿದ ಡಿ 6901 ಅನ್ನುವ ಮಾನದಂಡ ಇದೆ. ಅದರಲ್ಲಿ ರೋಮನ್ ಅಂಕಿ ಒಂದು ಮತ್ತು ಎರಡು ಅಂದರೆ ಚೆನ್ನಾಗಿ ನಿಲ್ಲುವ ಬಣ್ಣ. ಕರಾನ್ ದಾಶ್ ಕಂಪನಿಯ ಲ್ಯೂಮಿನೆನ್ಸ್ 6901 ಪೆನ್ಸಿಲ್‌ನ ಹೆಸರಿನಲ್ಲಿರುವ ಅಂಕಿ ಅಲ್ಲಿಂದಲೇ ಬಂದಿದ್ದು. ಡರ್ವೆಂಟ್‌ನವರ ಲೈಟ್‌ಫಾಸ್ಟ್ ಅನ್ನುವ ಸೆಟ್ ಕೂಡ ಇದಕ್ಕೇ ಮಾಡಿದ್ದು. 1908ರಿಂದ ಇರುವ ಫೇಬರ್ ಕ್ಯಾಸಲ್‌ನ ಪಾಲಿಕ್ರೋಮೊಸ್ ಪೆನ್ಸಿಲ್ ಮೇಲೆ ನಕ್ಷತ್ರದ ಗುರುತು ಇರುತ್ತದೆ, ಮೂರು ನಕ್ಷತ್ರ ಇದ್ದರೆ ಅವರ ಪ್ರಕಾರ ಅತ್ಯಂತ ಗಟ್ಟಿ. ಒಂದೇ ಡಬ್ಬಿಯಲ್ಲಿ ಎಲ್ಲವಕ್ಕೂ ಒಂದೇ ಗುರುತು ಇರುವುದಿಲ್ಲ, ಒಂದೊಂದೇ ತಿರುಗಿಸಿ ನೋಡಬೇಕು.

ಇವು ದುಬಾರಿ, ಒಂದೊಂದು ಪೆನ್ಸಿಲಿಗೆ ನೂರಾರು ರೂಪಾಯಿ ಆಗಬಹುದು. ಇಡೀ ಸೆಟ್ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಈಗಿನ ಡಬ್ಬಿಯ ಕಂದು, ಕಪ್ಪು, ಮಣ್ಣಿನ ಬಣ್ಣಗಳು ಪರೀಕ್ಷೆಯಲ್ಲಿ ನಿಂತರೆ ಅವನ್ನೇ ಬಳಸಿ. ಸೋತ ನಾಲ್ಕೈದು ಬಣ್ಣಕ್ಕೆ ಮಾತ್ರ ಬಿಡಿ ಪೆನ್ಸಿಲ್ ಕೊಳ್ಳಿ.

ಆಗ ಮುಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು, “ಟೀಚರ್, ಹಾಗಾದರೆ ಮಕ್ಕಳ ಕಲರ್ ಪೆನ್ಸಿಲ್ ಎಲ್ಲ ಬಿಸಾಕಬೇಕಾ?” ಖಂಡಿತ ಬೇಡ. ಮಕ್ಕಳು ಯಾವ ಬಣ್ಣ ಸಿಕ್ಕರೂ ಬಿಡಿಸಲಿ, ಗುಲಾಬಿ ಆನೆಯನ್ನೂ ಬಿಡಿಸಲಿ. ಬೆಳಕಿಗೆ ನಿಲ್ಲುತ್ತದಾ ಅಂತ ಯೋಚಿಸುವುದು ಅವರ ಕೆಲಸವೇ ಅಲ್ಲ. ಅದನ್ನು ಉಳಿಸಬೇಕು ಅಂತ ಆಸೆ ಇದ್ದರೆ ಅದು ನಮ್ಮ ಕೆಲಸ. ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಗೋಡೆಗೆ ಹಾಕಿ, ಮೂಲ ಚಿತ್ರ ಕತ್ತಲಲ್ಲಿ ಇಡಿ. ಆದರೆ ಲ್ಯಾಮಿನೇಟ್ ಮಾಡಿಸಬೇಡಿ. ಪೆನ್ಸಿಲ್‌ನಲ್ಲಿ ಮೇಣ ಇದೆ, ಮೆಷಿನ್ನಿನ ಬಿಸಿಗೆ ಅದು ಕರಗುತ್ತದೆ, ಆಮೇಲೆ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ, ಇಷ್ಟಾದರೂ ಬೆಳಕನ್ನು ಅದು ತಡೆಯುವುದಿಲ್ಲ.

ಚಿತ್ರ ಬಿಡಿಸುವವರಿಗೆ ಇನ್ನೊಂದು ಮಾತು. ತೆಳುವಾಗಿ ಹಚ್ಚಿದ ಬಣ್ಣ ದಟ್ಟವಾಗಿ ಹಚ್ಚಿದ್ದಕ್ಕಿಂತ ಬೇಗ ಹೋಗುತ್ತದೆ. ಕೊಡಗಿನ ಚಿತ್ರ ಬಿಡಿಸುವವರಿಗೆ ಇದು ತುಂಬಾ ಮುಖ್ಯ. ಯಾಕೆ ಅಂದರೆ ನಾವು ಎಲ್ಲರೂ ಮಂಜು ಬಿಡಿಸುತ್ತೇವೆ. ರಾಜಾಸೀಟ್‌ನಲ್ಲಿ ನಿಂತರೆ ಬೆಟ್ಟದ ಹಿಂದೆ ಬೆಟ್ಟ, ಹಿಂದಕ್ಕೆ ಹೋದ ಹಾಗೆ ತೆಳ್ಳಗೆ, ಕೊನೆಯದು ಇದೆಯೋ ಇಲ್ಲವೋ ಅನ್ನುವ ಹಾಗೆ. ಅದನ್ನು ತರಲು ತಿಳಿ ಲ್ಯಾವೆಂಡರ್ ತೆಗೆದುಕೊಂಡು, ಪೆನ್ಸಿಲ್ ಭಾರ ಬಿಟ್ಟರೆ ಸಾಕು ಅನ್ನುವಷ್ಟು ಹಗುರವಾಗಿ ಆಡಿಸುತ್ತೇವೆ. ಬೇಗ ಹೋಗುವ ಬಣ್ಣ, ಅದೂ ತೆಳ್ಳಗೆ. ಕೆಲವೇ ವರ್ಷದಲ್ಲಿ ಆ ಹಿಂದಿನ ಬೆಟ್ಟಗಳು ಇರುವುದಿಲ್ಲ, ಮುಂದಿನ ಮರಗಳು ಮಾತ್ರ ಖಾಲಿ ಕಾಗದದ ಮೇಲೆ ನಿಂತಿರುತ್ತವೆ. ನಾನು ಈಗ ದೂರದ ಬೆಟ್ಟಕ್ಕೆ ಗಟ್ಟಿಯಾದ ಬೂದಿ ಬಣ್ಣ ಹಚ್ಚಿ, ಅದರ ಮೇಲೆ ಪರೀಕ್ಷೆಯಲ್ಲಿ ನಿಂತ ಒಂದು ನೀಲಿಯನ್ನು ತೆಳುವಾಗಿ ತರುತ್ತೇನೆ. ಲ್ಯಾವೆಂಡರ್‌ನಷ್ಟು ಮುದ್ದಾಗಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಬೆಟ್ಟ ಉಳಿಯುತ್ತದೆ.

ಈಗ ಫ್ರೇಮ್. ಅಲ್ಟ್ರಾವಯೊಲೆಟ್ ತಡೆಯುವ ಗ್ಲಾಸ್ ಮತ್ತು ಆಕ್ರಿಲಿಕ್ ಶೀಟ್ ಸಿಗುತ್ತವೆ, ಒಳ್ಳೆಯವು ಶೇಕಡಾ 99ರವರೆಗೆ ತಡೆಯುತ್ತವೆ. ನಿಮಗೆ ತುಂಬಾ ಬೇಕಾದ ಚಿತ್ರಕ್ಕೆ ಹಾಕಿಸಿ. ಆದರೆ ಹಾಕಿಸಿದೆ ಅಂತ ಬಿಸಿಲಿನ ಗೋಡೆಗೆ ಮಾತ್ರ ತರಬೇಡಿ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತೆಗೆಯುತ್ತದೆ, ಅದನ್ನು ತಡೆದರೆ ಚಿತ್ರವೇ ಕಾಣುವುದಿಲ್ಲವಲ್ಲ. ಸ್ಪ್ರೇ ವಿಷಯವೂ ಹಾಗೇ. ಫಿಕ್ಸೆಟಿವ್ ಪುಡಿ ಉದುರದಂತೆ ಹಿಡಿಯುತ್ತದೆ, ಬೆಳಕಿಗೆ ಅದು ಮದ್ದಲ್ಲ. ಯುವಿ, ಅಂದರೆ ಅಲ್ಟ್ರಾವಯೊಲೆಟ್ ತಡೆಯುವ ವಾರ್ನಿಷ್ ಸ್ವಲ್ಪ ಸಹಾಯ ಮಾಡುತ್ತದೆ, ಅಷ್ಟೇ.

ಗೋಡೆ ಆರಿಸುವುದು ಗ್ಲಾಸಿಗಿಂತ ದೊಡ್ಡ ವಿಷಯ, ಮತ್ತು ಅದು ಪುಕ್ಕಟೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ, ಡಿಸೆಂಬರ್ ಜನವರಿಯಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಮಳೆಗಾಲದಲ್ಲಿ ಕತ್ತಲಾಗಿದ್ದ ಗೋಡೆಯ ಮೇಲೆ ಕಾಫಿ ಕೊಯ್ಲಿನ ಹೊತ್ತಿಗೆ ದಕ್ಷಿಣದ ಕಿಟಕಿಯಿಂದ ಬಿಸಿಲು ಚಾಚಿಕೊಂಡು ಬಂದಿರುತ್ತದೆ. ಎರಡೂ ಕಾಲದಲ್ಲಿ ನೋಡದೆ ಮೊಳೆ ಹೊಡೆಯಬೇಡಿ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ, ಲೆಕ್ಕ ಪಕ್ಕಾ ಇರುವುದಿಲ್ಲ, ಆದರೆ ಎರಡು ಗೋಡೆ ಹೋಲಿಸಲು ಸಾಕು. ನಮ್ಮ ಮನೆಯಲ್ಲಿ ಜಗಲಿಗೂ ನಡುಮನೆಯ ಒಳಗೋಡೆಗೂ ಇದ್ದ ವ್ಯತ್ಯಾಸ ನೋಡಿ ನಾನು ಅದೇ ಸಂಜೆ ನಾಲ್ಕು ಚಿತ್ರಗಳನ್ನು ಇಳಿಸಿದೆ.

ಇಲ್ಲಿಗೆ ಬಂದಾಗ ಹಿರಿಯರೊಬ್ಬರು ಎದ್ದು, “ಏನಮ್ಮಾ, ಕತ್ತಲ ಗೋಡೆಗೆ ಹಾಕು ಅಂತೀಯ, ಕಕ್ಕಡದಲ್ಲಿ ಬೂಷ್ಟು ಹಿಡಿದರೆ ಯಾರು ಜವಾಬ್ದಾರಿ?” ಅಂದರು. ಸರಿಯಾದ ಪ್ರಶ್ನೆ. ಗಾಳಿಯ ತೇವಾಂಶ ಶೇಕಡಾ 65, 70 ದಾಟಿ ಹಾಗೇ ನಿಂತರೆ ಬೂಷ್ಟು ಹುಟ್ಟುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಅದಕ್ಕಿಂತ ಎಷ್ಟೋ ಮೇಲೇ ಇರುತ್ತದೆ. ಇದಕ್ಕೆ ನಾನು ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ.

ಮಳೆ ಹೊಡೆಯುವ ಹೊರಗೋಡೆಗೆ ಯಾವ ಚಿತ್ರವನ್ನೂ ಹಾಕುವುದಿಲ್ಲ, ಎರಡು ಕೋಣೆಗಳ ನಡುವಿನ ಗೋಡೆಗೆ ಮಾತ್ರ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದ್ದೇನೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಚಿತ್ರ ಗ್ಲಾಸಿಗೆ ತಾಗಲೇಬಾರದು, ಅದಕ್ಕೇ ಮೌಂಟ್ ಬೇಕು. ತಾಗಿದರೆ ಥಂಡಿಗೆ ಗ್ಲಾಸಿನ ಒಳಗೆ ನೀರು ಕೂತು ಕಾಗದ ಅಂಟಿಕೊಳ್ಳುತ್ತದೆ. ಫ್ರೇಮ್ ಅಂಗಡಿಯಲ್ಲಿ ನಿಂತು, ಹಿಂದೆ ನ್ಯೂಸ್‌ಪೇಪರ್ ತುಂಬಬೇಡಿ, ಆ್ಯಸಿಡ್ ಇಲ್ಲದ ಬೋರ್ಡ್ ಹಾಕಿ ಅಂತ ಹೇಳಿ. ಅಜ್ಜಿಯ ಚಿತ್ರದ ಹಿಂಭಾಗ ನೋಡಿ, ಪೇಪರ್‌ನ ಕಾಲಂಗಳ ಆಕಾರದಲ್ಲೇ ಕಂದು ಕಲೆ ಬಿದ್ದಿದೆ. ಆ ಕಾಗದದ ಆ್ಯಸಿಡ್ ಇದಕ್ಕೆ ಇಳಿದಿದೆ.

ಬೇಗ ಬಣ್ಣ ಹೋಗುವ ಚಿತ್ರಗಳು ವರ್ಷವಿಡೀ ಗೋಡೆಯ ಮೇಲೆ ಇರುವುದೇ ಇಲ್ಲ. ನವೆಂಬರ್ ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಹೊರಗೆ ಬರುತ್ತವೆ, ಕಾಫಿ ಹೂ ಬಿಡುವ ಹೊತ್ತಿಗೆ ಒಳಗೆ ಹೋಗುತ್ತವೆ. ವರ್ಷದ ಬೆಳಕಿನಲ್ಲಿ ಮೂರನೇ ಒಂದು ಭಾಗ ಮಾತ್ರ ಖರ್ಚು. ಉಳಿದ ಕಾಲ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಒಂದೊಂದು ಚಿತ್ರದ ನಡುವೆ ಆ್ಯಸಿಡ್ ಇಲ್ಲದ ತೆಳು ಕಾಗದ. ಪೆಟ್ಟಿಗೆ ಮುಚ್ಚುವುದು ಏಪ್ರಿಲ್‌ನ ಒಣ ದಿನದಲ್ಲಿ. ಜುಲೈಯಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿ ಹಾಕಿದ ಹಾಗೆ. ಒಳಗೆ ಸಿಲಿಕಾ ಜೆಲ್ ಚೀಲ, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ನೀರು ಕುಡಿದಾಗ ಹಸಿರಾಗುತ್ತದೆ, ಸಣ್ಣಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಪಾತ್ರೆ ಮಾತ್ರ ಬೇರೆ ಇಡಿ, ಅಡುಗೆಯದ್ದು ಬೇಡ. ಮೆತ್ತನೆಯ ಪಿವಿಸಿ ಕವರ್‌ಗಳಲ್ಲಿ ಚಿತ್ರ ಇಡಬೇಡಿ, ಮೇಣಕ್ಕೆ ಅಂಟಿಕೊಳ್ಳುತ್ತದೆ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೀರುವಿನೊಳಗೆ ಝೀರೋ ಬಲ್ಬು ಉರಿಸುತ್ತಾರೆ, ಬಟ್ಟೆ ಬೆಚ್ಚಗಿರಲಿ ಅಂತ. ಅದು ಒಳ್ಳೆಯ ಉಪಾಯ. ಚಿತ್ರದ ಪೆಟ್ಟಿಗೆಯನ್ನೂ ಅದೇ ಬೀರುವಿನಲ್ಲಿಡಿ, ಬಲ್ಬಿನಿಂದ ದೂರ. ಪೆಟ್ಟಿಗೆ ಒಳಗೆ ಬೆಳಕು ಹೋಗದಂತೆ ಇರಲಿ, ಪಾರದರ್ಶಕ ಪೆಟ್ಟಿಗೆಯಾದರೆ ಬಟ್ಟೆ ಸುತ್ತಿ. ಒಲೆ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡಬೇಡಿ, ಹೊಗೆಯ ಜಿಡ್ಡು ಕಾಗದಕ್ಕೆ ಕೂತರೆ ಹೋಗುವುದಿಲ್ಲ.

ಒಂದು ಗೊಂದಲವನ್ನು ಬಿಡಿಸಬೇಕು. ಕಡು ಬಣ್ಣದ ಮೇಲೆ ಬಿಳಿ ಮಬ್ಬು ಬಂದರೆ ನಾವು ತಕ್ಷಣ ಬೂಷ್ಟು ಅನ್ನುತ್ತೇವೆ, ಇಲ್ಲ ಬಣ್ಣ ಹೋಯಿತು ಅನ್ನುತ್ತೇವೆ. ಎಷ್ಟೋ ಸಲ ಅದು ಪೆನ್ಸಿಲ್‌ನ ಮೇಣ ಮೇಲಕ್ಕೆ ಬಂದಿದ್ದು. ಒತ್ತಿ ತುಂಬಿದ ಜಾಗದ ಮೇಲೆ ಸಮವಾಗಿ, ದ್ರಾಕ್ಷಿಯ ಮೇಲಿನ ಬಿಳಿ ಪುಡಿಯ ಹಾಗೆ ಕಾಣುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಬಣ್ಣ ಕೆಳಗೆ ಹಾಗೇ ಇರುತ್ತದೆ. ಬೂಷ್ಟು ಹಾಗಲ್ಲ. ಚುಕ್ಕೆ ಚುಕ್ಕೆಯಾಗಿರುತ್ತದೆ, ನೂಲಿನ ಹಾಗೆ ಎದ್ದಿರುತ್ತದೆ, ವಾಸನೆ ಬರುತ್ತದೆ, ಬಣ್ಣ ಇಲ್ಲದ ಬಿಳಿ ಕಾಗದದ ಮೇಲೂ ಬರುತ್ತದೆ. ಅದನ್ನು ಒರೆಸಬೇಡಿ, ಕಾಗದದ ಒಳಕ್ಕೆ ತಳ್ಳಿದ ಹಾಗಾಗುತ್ತದೆ. ಬೇರೆ ಚಿತ್ರಗಳಿಂದ ದೂರ ಇಟ್ಟು, ನೆರಳಲ್ಲಿ ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಮೆತ್ತನೆಯ ಬ್ರಷ್‌ನಲ್ಲಿ ಹೊರಗೆ ನಿಂತು ಉದುರಿಸಿ, ಮೂಗಿಗೆ ಮಾಸ್ಕ್ ಇರಲಿ.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು, “ಮಿಸ್, ಅಜ್ಜಿ ಸೀರೆಗೆ ಮತ್ತೆ ನೇರಳೆ ಹಚ್ಚಬಹುದಲ್ವಾ?”

ಹಚ್ಚಬಹುದು ಮಗಾ. ಹಚ್ಚಲು ಕೂತೂ ಇದ್ದೆ. ಆದರೆ ಕಾಗದದ ತುಂಬಾ ಹಳೆಯ ಮೇಣ ಕೂತಿದೆ, ಹೊಸ ಪೆನ್ಸಿಲ್ ಅಲ್ಲಿ ಜಾರುತ್ತದೆ, ಹಿಡಿಯುವುದಿಲ್ಲ. ಒತ್ತಿದರೆ ನೆರಿಗೆಯ ಗೆರೆಗಳು ಹಾಳಾಗುತ್ತವೆ. ಅಜ್ಜಿ ಎದುರಿಗೆ ಕೂತಿದ್ದಾಗ ಎಳೆದ ಗೆರೆಗಳು ಅವು, ಈಗ ಅವರಿಲ್ಲ. ಹಾಗಾಗಿ ಈ ಚಿತ್ರಕ್ಕೆ ಕೈ ಹಚ್ಚಲಿಲ್ಲ. ಸ್ಕ್ಯಾನ್ ಮಾಡಿಸಿ, ಅದನ್ನು ನೋಡಿಕೊಂಡು ಹೊಸ ಕಾಗದದಲ್ಲಿ ಇನ್ನೊಂದು ಬಿಡಿಸುತ್ತಿದ್ದೇನೆ. ಈ ಸಲ ನೇರಳೆ ಪೆನ್ಸಿಲ್ ಇಲ್ಲ. ಕಿಟಕಿಯಲ್ಲಿ ಆರು ತಿಂಗಳು ನಿಂತ ಒಂದು ಕಡುನೀಲಿ, ಅದರ ಮೇಲೆ ಹಾಗೇ ನಿಂತ ಒಂದು ಕೆಂಪು, ಮತ್ತೆ ನೀಲಿ, ಮತ್ತೆ ಕೆಂಪು. ಬಣ್ಣ ಸರಿ ಬಂತಾ ಅಂತ ನೋಡಲು, ಮೌಂಟ್‌ನ ಕೆಳಗೆ ಉಳಿದಿದ್ದ ಆ ಅರ್ಧ ಬೆರಳಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ, ನೋಡಿದ ಮೇಲೆ ಮತ್ತೆ ಮುಚ್ಚಿಡುತ್ತೇನೆ. ಸೆರಗು ಮುಗಿದಿದೆ. ನೆರಿಗೆಗಳು ಬಾಕಿ ಇವೆ.